ಹಿಂದಿನಂತೆ

ನಲವತ್ತು ಹಾಸಿಗೆಯ ವಾರ್ಡನ್ನು ಇಬ್ಬರೇ ದಾದಿಯರು ಸಂಭಾಳಿಸಿ, ಪಾಳಿ ಮುಗಿಸಿ, ಹೊತ್ತಿಗೆ ಸರಿಯಾಗಿ ಮನೆ ಸೇರಬೇಕೆಂದರೆ ಒಂದು ಮಂತ್ರ ಗೊತ್ತಿರಬೇಕು. ಆ ಮಂತ್ರ ‘ಹಿಂದಿನಂತೆ’. ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನ ವರದಿ ಪುಸ್ತಕದಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಪುಟ, ದಿನಕ್ಕೊಂದು ಸಾಲು, ಸಾಲಿಗೆ ಐದು ಮನೆ: ನಿದ್ದೆ, ಊಟ, ಔಷಧ, ನಡವಳಿಕೆ, ತಿಳಿವಳಿಕೆ. ರೋಗಿ ಬಂದ ದಿನ ಐದನ್ನೂ ಬಿಡಿಸಿ ಬರೆಯುತ್ತಾರೆ. ಮರುದಿನದಿಂದ, ಆಕಾಶ ಕಳಚಿ ಬೀಳುವಂಥದ್ದೇನೂ ಆಗದಿದ್ದರೆ, ಹಿಂದಿನಂತೆ. ಅದರ ಮರುದಿನವೂ ಹಿಂದಿನಂತೆ. ಇದನ್ನು ಸೋಮಾರಿತನ ಎನ್ನುವವರು ಒಂದು ದಿನ ಬಂದು ಆ ಪಾಳಿ ಮಾಡಿ ನೋಡಲಿ. ಮಧ್ಯಾಹ್ನದ ಹೊತ್ತಿಗೆ ಅವರ ಪೆನ್ನಿನಿಂದಲೂ ಇದೇ ಪದ ಇಳಿಯುತ್ತದೆ.

ದೊಡ್ಡ ಸಿಸ್ಟರ್ ಈ ಮಂತ್ರವನ್ನು ಇಪ್ಪತ್ತಾರು ವರ್ಷ ಜಪಿಸಿದವಳು. ಅವಳು ದೊಡ್ಡವಳಾದದ್ದು ಸರ್ವೀಸಿನಿಂದ, ಎತ್ತರದಿಂದಲ್ಲ. ಔಷಧದ ಬೀರುವಿನ ಮೇಲಿನ ಸಾಲಿಗೆ ಕೈ ಹಾಕಬೇಕೆಂದರೆ ಈಗಲೂ ಅವಳಿಗೆ ಸ್ಟೂಲು ಬೇಕು. ಆದರೆ ಆರಡಿಯ ಆಸಾಮಿಗಳು ಕೂಗಾಡುತ್ತಿರುವಾಗ ಅವಳು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರೆ ದನಿ ತಾನಾಗಿ ಇಳಿಯುತ್ತಿತ್ತು. ಹೊಸ ಡಾಕ್ಟರುಗಳು ಅವಳ ಹತ್ತಿರ ಪಾಠ ಕಲಿತು, ಆಮೇಲೆ ಅವಳಿಗೇ ಆರ್ಡರು ಬರೆಯುತ್ತಿದ್ದರು. ಅವಳಿಗೆ ಅದರ ಬೇಸರವಿರಲಿಲ್ಲ. ತನ್ನ ವಾರ್ಡಿನಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬ ಒಂದು ಹೆಮ್ಮೆ ಇತ್ತು, ಅಷ್ಟೇ. ಆ ಹೆಮ್ಮೆಯ ಮೇಲೇ ಈ ಕಥೆ ಕಾಲಿಟ್ಟದ್ದು.

ಹದಿನೆಂಟು ದಿನದ ಹಿಂದೆ ಬೋರ್ಡು ಬರೆಯುವವನೊಬ್ಬ ಬಂದ. ವಾರ್ಡಿನಲ್ಲಿ ಅವನಿಗೆ ‘ಪೇಂಟರ್’ ಎಂದೇ ಹೆಸರಾಯಿತು. ಮೂವತ್ತೆಂಟರ ಆಸುಪಾಸಿನ ಬಡಕಲು ಗಂಡಸು, ಮದುವೆಯಿಲ್ಲ, ಅಕ್ಕನ ಜೊತೆ ವಾಸ. ಬಂದನೆನ್ನುವುದೂ ತಪ್ಪು, ತಂದರು. ಐದು ದಿನ ನಿದ್ದೆಯಿಲ್ಲದೆ ತಿರುಗಿ, ಯಾರೋ ನಂಬರು ನೋಡಿ ಮನೆ ಹುಡುಕಿಕೊಂಡು ಬರುತ್ತಾರೆಂದು ಬೀದಿಯ ಬಾಗಿಲುಗಳ ಮೇಲಿದ್ದ ಮನೆ ನಂಬರುಗಳಿಗೆಲ್ಲ ಬಣ್ಣ ಬಳಿದು, ಕೊನೆಗೆ ಹಾಡುಹಗಲೇ ತಮ್ಮ ಮನೆಯಿರುವ ನಾಲ್ಕನೇ ಮಹಡಿಯ ಮೋಟುಗೋಡೆಯ ಮೇಲೆ ನಿಂತಿದ್ದ. ಅಕ್ಕ ಕಾಲು ಹಿಡಿದು ಕೆಳಗೆಳೆದಿದ್ದಳು. ಆಸ್ಪತ್ರೆಗೆ ತಂದಾಗ ಇಂಜೆಕ್ಷನ್ ಬೇಡವೆಂದು ಒದ್ದಾಡಿದ. ಆ ಒದೆತಕ್ಕೆ ವಾರ್ಡಿನ ಡಾಕ್ಟರ ತುಟಿ ಒಡೆಯಿತು. ಪಾಪ, ಆ ಮನುಷ್ಯ ಕರವಸ್ತ್ರ ಒತ್ತಿಕೊಂಡೇ ಆರ್ಡರು ಬರೆದರು. ಜೀವಕ್ಕೆ ಅಪಾಯವಿದ್ದಾಗ ರೋಗಿಯ ಒಪ್ಪಿಗೆಯಿಲ್ಲದೆಯೂ ಮೂರು ದಿನ ಔಷಧ ಕೊಡಬಹುದೆಂದು ಕಾನೂನಿದೆ. ಕೊಟ್ಟರು. ದೊಡ್ಡ ಸಿಸ್ಟರ್ ಐದನೇ ಮನೆಯಲ್ಲಿ ಬರೆದಳು: ‘ತನ್ನ ಸ್ಥಿತಿಯ ಅರಿವಿಲ್ಲ. ಔಷಧದ ಬಗ್ಗೆ ನಿರ್ಧರಿಸಲು ಶಕ್ತನಲ್ಲ.’ ಅಂದು ಅದು ಅಕ್ಷರಶಃ ನಿಜವಾಗಿತ್ತು.

ಮೂರು ದಿನ ಕಳೆದ ಮೇಲೆ ಅವನು ಮಲಗಿದ, ಎದ್ದ, ಉಂಡ. ಅಂಗೈಗೆ ಮಾತ್ರೆ ಹಾಕಿದರೆ ಹೂಂ ಎನ್ನದೆ, ಊಹೂಂ ಎನ್ನದೆ ನುಂಗಿದ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೀಗೆ ಹತ್ತು ದಿನ ಹೋಯಿತು. ಹದಿನಾಲ್ಕನೇ ದಿನ ಬೆಳಿಗ್ಗೆ ಅಂಗೈಯ ಮಾತ್ರೆಯನ್ನು ತಟ್ಟೆಗೆ ವಾಪಸ್ಸು ಹಾಕಿ, “ಇನ್ನು ಬೇಡ ಸಿಸ್ಟರ್. ಕೈ ನಡುಗುತ್ತೆ,” ಎಂದ.

ಡಾಕ್ಟರು ತಾಳ್ಮೆಯಿಂದಲೇ ತಿಳಿಹೇಳಿದರು. ನಡುಕಕ್ಕೆ ಇನ್ನೊಂದು ಮಾತ್ರೆ ಕೊಡುತ್ತೇನೆಂದರು. ಅದನ್ನು ನುಂಗಿದರೆ ಕಣ್ಣು ಮಂಜಾಗುತ್ತದೆಂದು ಅವನಿಗೆ ಯಾರೋ ಹೇಳಿದ್ದರು, ಹೇಳಿದವರು ಸುಳ್ಳು ಹೇಳಿರಲಿಲ್ಲ. ಅವನು ಬೇಡವೆಂದ. ಡಾಕ್ಟರಿಗೆ ಮೋಟುಗೋಡೆ ಕಣ್ಣಮುಂದೆ ಬಂತು. ತಿಂಗಳಿಗೊಂದರಂತೆ ಆರು ತಿಂಗಳು ಇಂಜೆಕ್ಷನ್ ಕೊಡಲು ಅನುಮತಿ ಬೇಕೆಂದು ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಿದರು. ಈ ಇಂಜೆಕ್ಷನ್ನಿನ ಗುಣವೂ ದೋಷವೂ ಒಂದೇ. ಒಮ್ಮೆ ಒಳಗೆ ಹೋದರೆ ಒಂದು ತಿಂಗಳು ಹೊರಗೆ ಬರುವುದಿಲ್ಲ. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ ಎಂದು ಗೊತ್ತಾಯಿತು.

ಬುಧವಾರ ಮಧ್ಯಾಹ್ನ ದೊಡ್ಡ ಸಿಸ್ಟರ್ ವಾರ್ಡಿನ ಸುತ್ತು ಮುಗಿಸಿ ಬರುವಾಗ ಪೇಂಟರ್ ಕಿಟಕಿಯ ಹತ್ತಿರ ನಿಂತಿದ್ದ. ಗಾಜಿನ ಮೇಲೆ ಬೆರಳನ್ನು ನೀರಲ್ಲಿ ಅದ್ದಿ ಏನೋ ಬರೆಯುತ್ತಿದ್ದ. ಅಕ್ಷರಗಳು ಉಲ್ಟಾ ಇದ್ದವು. ಇದೇನು ಮತ್ತೆ ಶುರುವಾಯಿತೆ ಎಂದುಕೊಂಡು ಅವಳು ಹತ್ತಿರ ಬಂದಳು.

“ಏನಪ್ಪಾ ಇದು, ತಲೆಕೆಳಗಾಗಿ?” ಎಂದಳು.

“ತಲೆಕೆಳಗಲ್ಲ ಸಿಸ್ಟರ್, ಎಡಬಲ. ಅಂಗಡಿ ಗಾಜಿಗೆ ಒಳಗಡೆಯಿಂದ ಬರೀತೀವಿ. ರಸ್ತೇಲಿ ಹೋಗೋರಿಗೆ ಸರಿಯಾಗಿ ಕಾಣುತ್ತೆ. ಹೊರಗಡೆ ಬರೆದ್ರೆ ಎರಡು ವರ್ಷಕ್ಕೆ ಅಳಿಸಿಹೋಗುತ್ತೆ.”

ಅವಳು ಗಾಜಿನ ಆಚೆಗೆ ಹೋಗಿ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಗೆರೆಗಳು ನೂಲು ಹಿಡಿದಂತೆ ನೇರವಾಗಿದ್ದವು.

“ಈಗೆಲ್ಲ ಪ್ರಿಂಟ್ ಮಾಡಿಸಿ ಅಂಟಿಸ್ತಾರಲ್ಲ. ಕೈಯಲ್ಲಿ ಯಾರು ಬರೆಸ್ತಾರೆ?”

“ಚಿನ್ನದ ರೇಕಿನ ಕೆಲ್ಸ ಯಾವ ಮಿಷನ್ನೂ ಮಾಡಲ್ಲ. ವಕೀಲರ ಆಫೀಸು, ಹಳೇ ಔಷಧಿ ಅಂಗಡಿ, ಕೆಲವು ಹೋಟ್ಲು. ಈ ಊರಲ್ಲಿ ಅದನ್ನ ಮಾಡೋರು ಇಬ್ಬರಿದ್ವಿ. ಒಬ್ಬರು ತೀರ್ಕೊಂಡ್ರು.” ಅವನು ಎರಡು ಬೆರಳ ನಡುವೆ ಏನನ್ನೋ ಹಿಡಿದಂತೆ ತೋರಿಸಿದ. “ಆ ರೇಕು ಎಷ್ಟು ತೆಳು ಅಂದ್ರೆ ಉಸಿರು ಬಿಟ್ರೆ ಹಾರಿಹೋಗುತ್ತೆ. ಅದನ್ನ ಕುಂಚದ ತುದೀಲಿ ಎತ್ತಿ ಗಾಜಿಗೆ ಇಡ್ಬೇಕು. ಮಾತ್ರೆ ನುಂಗ್ತಿದ್ದಾಗ ನನಗೆ ಟೀ ಲೋಟ ಹಿಡಿಯೋಕೆ ಆಗ್ತಿರ್ಲಿಲ್ಲ. ನೀವೇ ನೋಡಿದ್ರಲ್ಲ.”

ನೋಡಿದ್ದಳು. ಹಾಸಿಗೆಯ ಮೇಲೆ ಟೀ ಚೆಲ್ಲಿದ್ದಕ್ಕೆ ಗದರಿದ್ದಳು ಕೂಡ.

“ಒಂದು ಮಾತು ಕೇಳ್ಲಾ ಸಿಸ್ಟರ್? ಯಾರೂ ಬಿಡಿಸಿ ಹೇಳ್ಲಿಲ್ಲ. ನಾನು ಬೇಡ ಅಂದ್ರೂ ಔಷಧಿ ಕೊಡ್ಬೇಕಂದ್ರೆ ಕಾನೂನಲ್ಲಿ ಏನು ಕಾರಣ ಇರ್ಬೇಕು?”

ಸುತ್ತು ಮುಗಿದಿತ್ತು, ಕುರ್ಚಿಯೂ ಅಲ್ಲೇ ಇತ್ತು. ದೊಡ್ಡ ಸಿಸ್ಟರ್ ಕೂತಳು. “ಎರಡೇ ಕಾರಣ. ಒಂದು, ಈಗಿಂದೀಗ್ಲೇ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ರೆ. ಅದಕ್ಕೆ ಮೂರು ದಿನ ಗಡುವು. ಎರಡು, ಔಷಧಿ ಬಗ್ಗೆ ತೀರ್ಮಾನ ಮಾಡೋ ಶಕ್ತಿ ನಿನಗಿಲ್ಲ ಅಂತ ಆದ್ರೆ. ಅದನ್ನ ಡಾಕ್ಟರ್ ಒಬ್ಬರೇ ಹೇಳಿದ್ರೆ ಸಾಲದು, ಮಂಡಳಿ ಒಪ್ಪಬೇಕು. ಬೇರೆ ಹಗುರವಾದ ದಾರಿ ಇಲ್ಲ ಅಂತಾನೂ ತೋರಿಸ್ಬೇಕು.”

“ಶಕ್ತಿ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?”

“ಹೇಳಿದ್ದು ಅರ್ಥ ಆಗುತ್ತಾ, ನೆನಪಲ್ಲಿ ಉಳಿಯುತ್ತಾ, ಒಳ್ಳೇದು ಕೆಟ್ಟದ್ದು ತೂಗಿ ನೋಡೋಕೆ ಬರುತ್ತಾ, ತೀರ್ಮಾನ ಬಾಯಿ ಬಿಟ್ಟು ಹೇಳೋಕಾಗುತ್ತಾ. ಇಷ್ಟು.”

ಅವನು ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಹೇಳಿದ: “ಹಾಗಾದ್ರೆ ಮೊದಲನೇ ಕಾರಣ ಮುಗೀತು. ಅವತ್ತು ಗೋಡೆ ಮೇಲೆ ನಿಂತಿದ್ದೆ, ನೀವು ಚುಚ್ಚಿದ್ದು ಸರಿ. ಈಗ ನಾನು ಗೋಡೆ ಮೇಲಿಲ್ಲ. ಉಳಿದದ್ದು ಎರಡನೇದು. ಅಂದ್ರೆ ನಾಳೆ ಪ್ರಶ್ನೆ ಔಷಧಿ ಒಳ್ಳೇದೋ ಕೆಟ್ಟದ್ದೋ ಅನ್ನೋದಲ್ಲ. ನನಗೆ ಯೋಚನೆ ಮಾಡೋಕೆ ಬರುತ್ತೋ ಇಲ್ವೋ ಅನ್ನೋದು.” ನಂತರ ಸಣ್ಣಗೆ ನಕ್ಕ. “ಹತ್ತು ದಿನ ಸುಮ್ನೆ ನುಂಗ್ತಿದ್ನಲ್ಲ, ಆವಾಗ ಯಾರಿಗೂ ಈ ಅನುಮಾನ ಬರ್ಲಿಲ್ಲ ನೋಡಿ. ಬೇಡ ಅಂದಮೇಲೆ ಬಂತು.”

ದೊಡ್ಡ ಸಿಸ್ಟರ್ ಮಾತು ಮರೆಸುವಂತೆ ಎದ್ದಳು. ಮೇಜಿಗೆ ಬಂದು ವರದಿ ಪುಸ್ತಕದಲ್ಲಿ ಅವನ ಪುಟ ತೆಗೆದಳು. ಐದನೇ ಮನೆಯಲ್ಲಿ ಮೊದಲ ದಿನದ ಎರಡು ವಾಕ್ಯ. ಅದರ ಕೆಳಗೆ ಹಿಂದಿನಂತೆ, ಹಿಂದಿನಂತೆ, ಹಿಂದಿನಂತೆ. ನಿನ್ನೆಯವರೆಗೆ ಹದಿನಾರು ಸಲ. ಹನ್ನೊಂದು ಅವಳದೇ ಕೈಬರಹ. ನಿದ್ದೆ ಬದಲಾಗಿತ್ತು, ಊಟ ಬದಲಾಗಿತ್ತು, ಅವನ್ನು ತಿದ್ದಿದ್ದರು. ತಿಳಿವಳಿಕೆಯ ಮನೆಯತ್ತ ಯಾರೂ ತಿರುಗಿ ನೋಡಿರಲಿಲ್ಲ. ಅರ್ಜಿಯ ಪ್ರತಿ ಅಲ್ಲೇ ಕ್ಲಿಪ್ಪಿನಲ್ಲಿತ್ತು. ಡಾಕ್ಟರು ನ್ಯಾಯವಾಗಿಯೇ ಬರೆದಿದ್ದರು: ‘ದಾದಿಯರ ದೈನಂದಿನ ವರದಿಯ ಪ್ರಕಾರ ದಾಖಲಾದ ದಿನದಿಂದ ಇಂದಿನವರೆಗೆ ರೋಗಿಯ ತಿಳಿವಳಿಕೆಯಲ್ಲಿ ಯಾವ ಬದಲಾವಣೆಯೂ ಇಲ್ಲ.’ ವಾರಕ್ಕೆ ಎರಡು ದಿನ, ಒಬ್ಬೊಬ್ಬರಿಗೆ ಐದು ನಿಮಿಷ ಸಿಗುವ ಡಾಕ್ಟರು ದಾದಿಯರನ್ನು ನಂಬದೆ ಇನ್ಯಾರನ್ನು ನಂಬಬೇಕು?

ಅವಳು ಪುಸ್ತಕ ಮುಚ್ಚಿದಳು. ಸುಳ್ಳು ಬರೆದವಳಲ್ಲ ಅವಳು. ಸುಳ್ಳು ಬರೆಯಬೇಕಾದರೂ ಒಮ್ಮೆ ನೋಡಬೇಕಾಗುತ್ತದೆ. ಅವಳು ನೋಡಿಯೇ ಇರಲಿಲ್ಲ.

ಪಾಳಿ ಮುಗಿಸಿ ಗೇಟಿನತ್ತ ನಡೆಯುತ್ತಿದ್ದಾಗ ಪೇಂಟರನ ಅಕ್ಕ ಸಿಕ್ಕಳು. ಸಿಕ್ಕಳೆಂದರೆ, ಕಾಯುತ್ತಿದ್ದಳು. ಐವತ್ತರ ಹೆಂಗಸು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು ಇಂಥ ಕೆಲಸ. ತಾಯಿ ತೀರಿಕೊಂಡಾಗ ತಮ್ಮನಿಗೆ ಎಂಟು ವರ್ಷ, ಅವಳಿಗೆ ಇಪ್ಪತ್ತು. ಅಲ್ಲಿಂದ ಅವನ ಅಂಗಿ ಯಾವುದು, ಶಾಲೆ ಯಾವುದು, ಗೆಳೆಯರು ಯಾರು ಎಲ್ಲ ಅವಳದೇ ತೀರ್ಮಾನ. ಅವಳಿಗೆ ಅದು ಅಧಿಕಾರವೆಂದು ಯಾವತ್ತೂ ಅನಿಸಿರಲಿಲ್ಲ, ಕೆಲಸವೆಂದೇ ಅನಿಸಿತ್ತು.

“ಸಿಸ್ಟರ್, ನಾಳೆ ನಿಮ್ಮನ್ನೂ ಕೇಳ್ತಾರಂತೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡಿ.”

“ಇದ್ದದ್ದು ಇದ್ದ ಹಾಗೆ ಅಂದ್ರೆ?”

“ಅವನಿಗೆ ಏನೂ ಗೊತ್ತಾಗಲ್ಲ ಅಂತ. ಇಂಜೆಕ್ಷನ್ ಬೇಕೇ ಬೇಕು ಅಂತ.”

“ಅವನ ಕೈ ನಡುಗುತ್ತಮ್ಮ. ಅವನ ಕೆಲ್ಸ ಹೋಗುತ್ತೆ.”

“ನಡುಗಿದ್ರೆ ನಡುಗಲಿ ಸಿಸ್ಟರ್. ನಡುಗೋಕೆ ಕೈ ಇರ್ಬೇಕಲ್ಲ.” ಅಕ್ಕ ದನಿ ಏರಿಸಲಿಲ್ಲ. “ಅವನ ಕಾಲು ಹಿಡಿದು ಎಳೆದದ್ದು ನಾನು. ಒಂದು ಚಪ್ಪಲಿ ಕೆಳಗೆ ಬಿತ್ತು. ಅದು ನೆಲ ಮುಟ್ಟೋ ಸದ್ದು ಬರೋಕೆ ಎಷ್ಟು ಹೊತ್ತಾಯ್ತು ಅಂತ ನನಗೆ ಗೊತ್ತು. ನೀವು ಕೇಳಿಲ್ಲ ಆ ಸದ್ದು.”

ದೊಡ್ಡ ಸಿಸ್ಟರ್ ಅಕ್ಕನ ಕೈ ಅದುಮಿ, ಬಸ್ಸು ಹಿಡಿದು ಮನೆಗೆ ಹೋದಳು. ಅತ್ತ ದರಿ, ಇತ್ತ ಪುಲಿ ಎಂಬ ಮಾತನ್ನು ಅವಳು ಸಾವಿರ ಸಲ ಆಡಿದ್ದಳು. ಅದರ ನಡುವೆ ನಿಂತದ್ದು ಇದೇ ಮೊದಲು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಕ್ಕನಿಗೆ ನೆಮ್ಮದಿ, ಡಾಕ್ಟರಿಗೆ ನೆಮ್ಮದಿ, ತನ್ನ ಇಪ್ಪತ್ತಾರು ವರ್ಷಕ್ಕೂ ಕಪ್ಪು ಚುಕ್ಕೆಯಿಲ್ಲ. ಬಾಯಿ ಬಿಟ್ಟರೆ ಮೆಮೊ ಗ್ಯಾರಂಟಿ. ಅದಕ್ಕಿಂತ ಹೆಚ್ಚಾಗಿ, ಅವನು ನಾಳೆ ಮತ್ತೆ ಆ ಗೋಡೆ ಹತ್ತಿದರೆ? ಮಾತ್ರೆಯಿಂದಲೇ ತಿಳಿಯಾದ ತಲೆ, ಮಾತ್ರೆ ಬಿಟ್ಟರೆ ಮತ್ತೆ ಕಲಕುವುದಿಲ್ಲವೆಂದು ಯಾರು ಹೇಳಬಲ್ಲರು? ಅವಳಂತೂ ಹೇಳಲಾರಳು. ಹಾಗೆ ಕಲಕಿಹೋದ ಎಷ್ಟೋ ಜನರನ್ನು ಅವಳು ಕಂಡಿದ್ದಳು.

ಗುರುವಾರ ಆಸ್ಪತ್ರೆಯ ಗ್ರಂಥಾಲಯದಲ್ಲಿ ಉದ್ದ ಮೇಜು ಒರೆಸಿ ಇಟ್ಟರು. ಮಂಡಳಿಯವರು ಮೂವರು. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದರ ಮೇಲಿಂದ ನೋಡುವ ಅಭ್ಯಾಸ. ಎಡಕ್ಕೆ ಬೇರೆ ಆಸ್ಪತ್ರೆಯ ವೈದ್ಯರು. ಬಲಕ್ಕೆ ಒಬ್ಬ ದಪ್ಪ ಮೀಸೆಯವರು. ಅವರು ಎಷ್ಟೋ ವರ್ಷದ ಹಿಂದೆ ತಾವೇ ಇಂಥದೊಂದು ವಾರ್ಡಿನಲ್ಲಿದ್ದವರು. ಅಂಥವರೊಬ್ಬರು ಮಂಡಳಿಯಲ್ಲಿ ಇರಲೇಬೇಕೆಂದು ನಿಯಮವಂತೆ. ಒಳ್ಳೆಯ ನಿಯಮ.

ಡಾಕ್ಟರು ತಮ್ಮ ಮಾತು ಹೇಳಿದರು. ಉತ್ಪ್ರೇಕ್ಷೆಯಿಲ್ಲದೆ, ತುಟಿಯ ವಿಷಯ ಎತ್ತದೆ. ಅಕ್ಕ ಮೋಟುಗೋಡೆಯ ಸಂಗತಿ ಹೇಳಿ, ಇಂಜೆಕ್ಷನ್ ಕೊಡಲೇಬೇಕೆಂದು ಅತ್ತಳು. ಪೇಂಟರ್ ಅಷ್ಟೂ ಹೊತ್ತು ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟುಕೊಂಡು ಕೂತಿದ್ದ.

“ವಾರ್ಡಿನ ವರದಿ ನಿಮ್ಮದೇನಾ?” ಅಧ್ಯಕ್ಷೆ ದೊಡ್ಡ ಸಿಸ್ಟರನ್ನು ಕೇಳಿದರು.

“ಹೌದು ಮೇಡಂ. ಹೆಚ್ಚಿನದು ನನ್ನದೇ.”

“ತಿಳಿವಳಿಕೇಲಿ ಬದಲಾವಣೆ ಇಲ್ಲ ಅಂತ ಇದೆ. ಇದು ಸರಿ ತಾನೇ?”

ಸರಿ ಮೇಡಂ. ಎರಡು ಪದ. ಅವು ನಾಲಿಗೆಯ ತುದಿಗೆ ಬಂದು ಕೂತವು. ಅವಳು ಅಕ್ಕನ ಮುಖ ನೋಡಿದಳು, ನೋಡಬಾರದಿತ್ತು. ಆ ಮುಖದಲ್ಲಿ ಬೇಡಿಕೆಯಿತ್ತು.

“ಸರಿಯಿಲ್ಲ ಮೇಡಂ,” ಎಂದಳು. “ಮೊದಲ ದಿನದ್ದು ಸರಿ. ಆಮೇಲಿನದ್ದು ನೋಡಿ ಬರೆದದ್ದಲ್ಲ. ಹಿಂದಿನಂತೆ ಅಂತ ಬರೆಯೋದು ನಮ್ಮಲ್ಲಿ ರೂಢಿ. ಮೇಲಿನ ಸಾಲು ನೋಡ್ತೀವಿ, ಕೆಳಗಿನ ಸಾಲು ಬರೀತೀವಿ. ಮನುಷ್ಯನ ಮುಖ ನೋಡಲ್ಲ.”

ಡಾಕ್ಟರು ಅವಳತ್ತ ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

“ಅಂದ್ರೆ ಈ ಹದಿನಾರು ದಿನ ಅವರ ತಿಳಿವಳಿಕೆ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ?”

“ನಿನ್ನೆಯದು ಗೊತ್ತು. ನಿನ್ನೆ ಮೊದಲ ಸಲ ಕೂತು ಮಾತಾಡಿದೆ. ಕಾನೂನಿನ ಕಾರಣಗಳನ್ನ ನಾನು ಒಂದು ಸಲ ಹೇಳಿದೆ, ಅವನು ನನಗಿಂತ ಚೆನ್ನಾಗಿ ವಾಪಸ್ ಹೇಳಿದ.”

ಅಧ್ಯಕ್ಷೆ ಕಾಗದದ ಮೇಲೆ ಏನೋ ಬರೆದುಕೊಂಡು ಪೇಂಟರನತ್ತ ತಿರುಗಿದರು. “ಔಷಧಿ ಬಿಟ್ರೆ ಕಾಯಿಲೆ ತಿರುಗಿ ಬರಬಹುದು ಅಂತ ಡಾಕ್ಟರ್ ಹೇಳ್ತಿದ್ದಾರೆ. ಒಪ್ತೀರಾ?”

“ಬರಬಹುದು ಮೇಡಂ. ಬರಲ್ಲ ಅಂತ ನಾನು ಹೇಗೆ ಹೇಳ್ಲಿ?”

“ಬಂದ್ರೆ?”

“ಮತ್ತೆ ಗೋಡೆ ಹತ್ತಬಹುದು. ಸಾಯಲೂಬಹುದು.” ಅಕ್ಕ ಸಣ್ಣಗೆ ನರಳಿದಳು. ಅವನು ಅವಳ ಕಡೆ ನೋಡದೆ ಮುಂದುವರಿಸಿದ. “ಔಷಧಿ ತಗೊಂಡ್ರೆ ಸಾಯೋದಿಲ್ಲ, ಆದ್ರೆ ಕೆಲ್ಸ ಹೋಗುತ್ತೆ. ಕೆಲ್ಸ ಬಿಟ್ಟು ನನಗೆ ಬೇರೆ ಏನೂ ಬರಲ್ಲ. ನಾನು ಇನ್ನೂ ಮೂವತ್ತು ವರ್ಷ ಅಕ್ಕನ ಮನೇಲಿ ಕೂತು ಕಿಟಕಿ ನೋಡ್ಬೇಕಾಗುತ್ತೆ. ಎರಡನ್ನೂ ಯೋಚಿಸಿದ್ದೀನಿ. ತಿಂಗಳ ಇಂಜೆಕ್ಷನ್ ಬೇಡ.”

ದಪ್ಪ ಮೀಸೆಯವರು ಮೊದಲ ಬಾರಿ ಬಾಯಿ ತೆರೆದರು. “ಬಾಗಿಲ ನಂಬರು ಯಾಕೆ ಅಳಿಸಿದ್ರಿ?”

“ಯಾರೋ ಬರ್ತಾರೆ ಅನ್ನಿಸಿತ್ತು. ಯಾರೂ ಬರೋದಿರ್ಲಿಲ್ಲ. ತಲೆ ಕೆಟ್ಟಿತ್ತು.” ಹಾಗೇ ಸೇರಿಸಿದ: “ಆಚೆ ಹೋದ್ಮೇಲೆ ಎಲ್ಲಾ ನಂಬರೂ ಬರೆದುಕೊಡ್ತೀನಿ. ಮುಂಚಿನವು ಅಷ್ಟೇನೂ ಚೆನ್ನಾಗಿರ್ಲಿಲ್ಲ.”

ಮೀಸೆಯ ಕೆಳಗೆ ನಗು ಮೂಡಿತು. ಮೂವರೂ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಮಾತಾಡಿ, ಎಲ್ಲರನ್ನೂ ಒಳಗೆ ಕರೆದರು. ಅಧ್ಯಕ್ಷೆ ಆದೇಶ ಓದಲಿಲ್ಲ, ಮಾತಿನಲ್ಲೇ ಹೇಳಿದರು. “ಇವರ ತೀರ್ಮಾನ ಸರಿಯೋ ತಪ್ಪೋ ನಾವು ಹೇಳಲ್ಲ. ನನ್ನ ಮಟ್ಟಿಗೆ ಕೇಳಿದ್ರೆ ತಪ್ಪೇ ಅಂತೀನಿ. ಆದ್ರೆ ತಪ್ಪು ತೀರ್ಮಾನ ಮಾಡೋರು ಬೇರೆ, ತೀರ್ಮಾನ ಮಾಡೋಕೇ ಬರದವರು ಬೇರೆ. ಇವರು ತೂಗಿ ನೋಡಿ ಬೇಡ ಅಂತಿದ್ದಾರೆ. ಒಪ್ಪಿಗೆ ಇಲ್ಲದೆ ಕೊಡೋ ಹಾಗಿಲ್ಲ.” ವರದಿ ಬರೆಯುವ ಕ್ರಮದ ಬಗ್ಗೆ ಆಸ್ಪತ್ರೆಗೆ ಪ್ರತ್ಯೇಕ ಪತ್ರ ಹೋಗುತ್ತದೆ ಎಂದೂ ಹೇಳಿದರು. ಆ ಪತ್ರ ಕೊನೆಗೆ ಯಾರ ತಲೆಯ ಮೇಲೆ ಬಂದು ಕೂರುತ್ತದೆಂದು ದೊಡ್ಡ ಸಿಸ್ಟರಿಗೆ ಗೊತ್ತಿತ್ತು. ಅವಳು ಕೈ ಕಟ್ಟಿ ನಿಂತಿದ್ದಳು. ಹೊರಡುವ ಮುಂಚೆ ಅಧ್ಯಕ್ಷೆ ಎರಡು ಪುಟದ ಒಂದು ನಮೂನೆಯನ್ನು ಅವಳ ಕೈಗಿಟ್ಟು, “ಇದನ್ನ ಅವರಿಗೆ ವಿವರಿಸಿ. ಬಲವಂತ ಮಾಡ್ಬೇಡಿ,” ಎಂದರು.

ಹೊರಗಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ದೊಡ್ಡ ಸಿಸ್ಟರ್ ಹತ್ತಿರ ಹೋದರೂ ತಲೆ ಎತ್ತಲಿಲ್ಲ.

“ನಿಮಗೆ ನಿಮ್ಮ ಸತ್ಯ ಹೇಳಿ ಹಗುರ ಆಯ್ತು. ಒಳ್ಳೇದಾಯ್ತು. ಇವತ್ತು ಸಾಯಂಕಾಲ ನೀವು ನಿಮ್ಮ ಮನೆಗೆ ಹೋಗ್ತೀರಿ. ನಾನು ಅದೇ ನಾಲ್ಕನೇ ಮಹಡಿಗೆ ಹೋಗ್ಬೇಕು.”

“ಹೌದಮ್ಮ,” ಎಂದಳು ದೊಡ್ಡ ಸಿಸ್ಟರ್. ಬೇರೇನು ಹೇಳಿದರೂ ಗಾಯದ ಮೇಲೆ ಬರೆ ಎಳೆದಂತಾಗುತ್ತಿತ್ತು. ಅಕ್ಕನ ಪಕ್ಕ ಜಾಗ ಬಿಟ್ಟು ಕೂತಳು. ತಾನು ಮಾಡಿದ್ದು ಸರಿಯೇ ಎಂದು ಯಾರಾದರೂ ಆಗ ಕೇಳಿದ್ದರೆ ಅವಳು ಹೂಂ ಎನ್ನುತ್ತಿದ್ದಳೋ ಇಲ್ಲವೋ.

ಪೇಂಟರ್ ಬಂದು ಇಬ್ಬರೆದುರು ನಿಂತ. ಗೆದ್ದವನ ಕಳೆ ಅವನ ಮುಖದಲ್ಲಿರಲಿಲ್ಲ, ದಣಿದಿದ್ದ. “ಅದೇನು ಕಾಗದ?” ಎಂದ.

ದೊಡ್ಡ ಸಿಸ್ಟರ್ ವಿವರಿಸಿದಳು. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆದಿಡುವ ಕಾಗದ. ಮುಂದೆ ಎಂದಾದರೂ ಸ್ಥಿಮಿತ ತಪ್ಪಿದರೆ ಇಂಥದ್ದು ಮಾಡಿ, ಇಂಥದ್ದು ಮಾಡಬೇಡಿ, ನನ್ನ ಪರವಾಗಿ ಇಂಥವರು ಮಾತಾಡಲಿ ಎಂದು. ಡಾಕ್ಟರು ಅದರಂತೆ ನಡೆಯಬೇಕು. ಬೇಕಿದ್ದರೆ ಬರೆಯಬಹುದು, ಬೇಡವಾದರೆ ಇಲ್ಲ.

ಅವನು ನಿಂತೇ ಎರಡು ಸಲ ಓದಿದ. ಬೆಂಚಿನ ತುದಿಯಲ್ಲಿ ಕೂತು, ಅವಳ ಪೆನ್ನು ತೆಗೆದುಕೊಂಡು, ಒಂದೊಂದೇ ಸಾಲು ಬರೆಯತೊಡಗಿದ. ಬರೆದದ್ದನ್ನು ಬಾಯಲ್ಲೂ ಹೇಳುತ್ತಿದ್ದ. “ತಿಂಗಳ ಇಂಜೆಕ್ಷನ್ ಬೇಡ. ಯಾವತ್ತೂ ಬೇಡ.” ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. “ತಲೆ ಕೆಟ್ಟರೆ, ಈ ಸಲ ಕೊಟ್ಟಂಥ ಮೂರು ದಿನದ ಇಂಜೆಕ್ಷನ್ ಕೊಡಿ. ಆಮೇಲೆ ನಿದ್ದೆ ತಿಳಿಯಾಗೋವರೆಗೆ ಮಾತ್ರೆ ಕೊಡಿ. ನಾನು ಬೇಡ ಅಂದ್ರೂ ಕೊಡಿ. ಒದ್ದರೂ ಕೊಡಿ.”

“ಬೇಡ ಅಂದ್ರೂನಾ?” ದೊಡ್ಡ ಸಿಸ್ಟರ್ ಕೇಳಿದಳು.

“ಅವತ್ತು ನೀವು ನನ್ನ ಮಾತು ಕೇಳಿದ್ದಿದ್ರೆ ಇವತ್ತು ನಾನು ಇಲ್ಲಿ ಕೂತು ಮಾತಾಡ್ತಿರ್ಲಿಲ್ಲ.” ಅವನು ಪೆನ್ನು ಎತ್ತಿದ. “ನನಗೂ ಭಯ ಇದೆ ಸಿಸ್ಟರ್. ಇಷ್ಟು ದಿನ ಹೇಳೋ ಹಾಗಿರ್ಲಿಲ್ಲ. ಭಯ ಅಂದಿದ್ರೆ ಹಿಡ್ಕೊಂಡು ಚುಚ್ಚಿಬಿಡ್ತಿದ್ರಿ.”

ಅಕ್ಕ ನಿಧಾನವಾಗಿ ಇತ್ತ ತಿರುಗಿದಳು.

ದೊಡ್ಡ ಸಿಸ್ಟರಿಗೆ ಒಂದು ಮಾತು ಕೇಳದೆ ಬೇರೆ ದಾರಿಯಿರಲಿಲ್ಲ. ಕೇಳಿದಳು: “ಸುಮ್ನೆ ಬೇಡ ಅನ್ನೋದು ಯಾವುದು, ಕಾಯಿಲೆಯಿಂದ ಬೇಡ ಅನ್ನೋದು ಯಾವುದು ಅಂತ ನಮಗೆ ಹೇಗೆ ಗೊತ್ತಾಗ್ಬೇಕಪ್ಪ? ನಾನೇ ಇಷ್ಟು ದಿನ ಎದುರಿಗಿದ್ದೂ ಗುರುತು ಹಿಡೀಲಿಲ್ಲ.”

ಅವನು ಯೋಚಿಸಲಿಲ್ಲ. “ಅಕ್ಕ ಹೇಳ್ತಾಳೆ,” ಎಂದು ಮೂರನೇ ಸಾಲಿನಲ್ಲಿ ಅಕ್ಕನ ಹೆಸರು ಬರೆದ. “ಅಕ್ಕ ಹೇಳಿದ ದಿನ ಶುರು ಮಾಡಿ.”

ಅಕ್ಕ ತಟ್ಟನೆ ಎದ್ದು ನಿಂತಳು. ಮೂವತ್ತು ವರ್ಷ ಅವನ ಬದುಕಿನ ಒಂದೊಂದನ್ನೂ ಅವನನ್ನು ಕೇಳದೆ ತೀರ್ಮಾನಿಸಿದ್ದವಳು, ಬೆಳಿಗ್ಗೆ ಅದೇ ಹಕ್ಕಿಗಾಗಿ ಮಂಡಳಿಯ ಮುಂದೆ ಅತ್ತಿದ್ದವಳು, ಈಗ ಅವನೇ ಬರೆದು ಕೈಗೆ ಕೊಟ್ಟರೆ ಕೆಂಡ ಮುಟ್ಟಿದವಳಂತೆ ಹಿಂದೆ ಸರಿದಳು.

“ನನ್ನ ಹೆಸರು ಬರೀಬೇಡ. ನನಗೆ ಬೇಡಪ್ಪ ಇದು.”

“ಯಾಕೆ?”

“ನಾನು ತಪ್ಪು ತಿಳ್ಕೊಂಡು ಹೇಳಿಬಿಟ್ರೆ? ನೀನು ಚೆನ್ನಾಗೇ ಇದ್ದು, ನನಗೇ ಸುಮ್ನೆ ಹೆದರಿಕೆಯಾಗಿ, ಹಿಡ್ಕೊಟ್ಟುಬಿಟ್ರೆ? ನನಗೆ ನಿನ್ನ ವಿಷಯದಲ್ಲಿ ಯಾವಾಗ್ಲೂ ಹೆದರಿಕೇನೇ ಕಣೋ. ನೀನು ಬೀದಿ ದಾಟಿದ್ರೂ ಹೆದರಿಕೆ.”

ಮೂವತ್ತು ವರ್ಷದಲ್ಲಿ ತಮ್ಮನ ಮುಂದೆ ಅವಳು ಈ ಮಾತು ಆಡಿದ್ದು ಇದೇ ಮೊದಲು. ಆಡಿದವಳೇ ಅಳತೊಡಗಿದಳು.

ಅವನು ಅಕ್ಕನ ಕೈ ಹಿಡಿದು ಬೆಂಚಿಗೆ ಕೂರಿಸಿದ. “ತಪ್ಪಾದ್ರೆ ಆಗ್ಲಿ,” ಎಂದ. “ಬಾಯಿಗೆ ಬಂದ ಹಾಗೆ ಬೈತೀನಿ. ಮೂರು ದಿನ ಮಾತು ಬಿಡ್ತೀನಿ. ನಾಲ್ಕನೇ ದಿನ ಊಟಕ್ಕೆ ಬರ್ತೀನಿ.”